ಕಣಜದ ಕಾಳು, ಕಾಯಕದ ಪ್ರಸಾದ



ಕಳೆದ ಬೇಸಿಗೆಯಲ್ಲಿ ಡೆಂಕಣಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ ದಾಸೋಹಕ್ಕೆ ರಾಗಿ ಬೇಕಾಯಿತು. ಸುತ್ತಲೂ ಹೊಲ, ಊರ ತುಂಬ ಒಕ್ಕಲು ಮನೆಗಳು. ಆದರೂ ಹಿಟ್ಟು ಬಂದದ್ದು ಹೊಸೂರಿನ ಅಂಗಡಿಯಿಂದ. ಹೊಲದಲ್ಲಿ ಟೊಮ್ಯಾಟೊ ಇತ್ತು, ಗುಲಾಬಿ ಇತ್ತು, ತೋಪಿನಲ್ಲಿ ತೋತಾಪುರಿ ಮಾವಿತ್ತು. ಕಣಜದಲ್ಲಿ ಮಾತ್ರ ಕಾಳಿರಲಿಲ್ಲ. ಇದನ್ನು ಕಂಡು ನಮ್ಮ ಮನಸ್ಸು ನೊಂದಿತು.

ಇದು ಯಾರನ್ನೂ ದೂರುವ ಮಾತಲ್ಲ. ಮಕ್ಕಳ ಓದಿಗೆ, ಮದುವೆಗೆ, ಕೊಳವೆಬಾವಿಯ ಸಾಲಕ್ಕೆ ಹಣದ ಬೆಳೆ ಬೇಕೇ ಬೇಕು. 2011ರಿಂದ ತಮಿಳುನಾಡಿನಲ್ಲಿ ಪಡಿತರದ ಅಕ್ಕಿ ಉಚಿತವಾಗಿ ಬಡವರ ಒಲೆ ಉರಿಯಿತು. ಅದು ಪುಣ್ಯದ ಕೆಲಸವೇ. ಆದರೆ ಅದರೊಡನೆ ಮುದ್ದೆ ತಟ್ಟೆಯಿಂದ ಸರಿಯುತ್ತ ಬಂದಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಲೋಕವೇ ನಮ್ಮ ಅಜ್ಜಿಯರ ಮುದ್ದೆಯತ್ತ ತಿರುಗಿರುವಾಗ ನಾವು ಅದಕ್ಕೆ ಬೆನ್ನು ಹಾಕುವುದೇ?

ವರ್ಷವಿಡೀ ನೆಲದ ಅನ್ನವನ್ನೇ ಉಣ್ಣುವುದು ಸುಲಭವಲ್ಲ. ಮಾರ್ಗಶಿರ, ಪುಷ್ಯದಲ್ಲಿ ಅವರೆ ಸೊಗಡಿನಿಂದ ಬೀದಿಯೇ ಘಮಘಮಿಸುತ್ತದೆ. ಚೈತ್ರ, ವೈಶಾಖದಲ್ಲಿ ಸೊಪ್ಪಿಗೂ ಬರ. ಹಿರಿಯರು ಇದನ್ನು ಬಲ್ಲವರಾಗಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು ಬಿತ್ತಿದರು. ಒಣಗಿದ ಅವರೆಯನ್ನೂ ಹುರುಳಿಯನ್ನೂ ಬೇಸಿಗೆಗೆಂದು ಕಟ್ಟಿಟ್ಟರು. ಹುಣಸೆ, ಸಂಡಿಗೆ, ಉಪ್ಪಿನಕಾಯಿ ಅಟ್ಟದ ಮೇಲಿದ್ದವು. ಚೆನ್ನಾಗಿ ಒಣಗಿದ ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಬೀಳದೆ ಉಳಿಯುತ್ತಿತ್ತು.

ಹೀಗೆ ಕೂಡಿಡುವುದು ಆಸೆಯಲ್ಲವೇ ಎಂದು ಕೇಳಬಹುದು. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರು. ಆ ತಾಯಿ ತಡೆದದ್ದು ಹೆಚ್ಚಳವನ್ನು. ಸ್ವಂತ ಕಾಯಕದ ಅನ್ನವನ್ನಲ್ಲ. ಮನೆಗೂ ಜಂಗಮಕ್ಕೂ ಬೇಕಾದಷ್ಟು ಕಾಳು ಕಣಜದಲ್ಲಿರುವುದು ದಾಸೋಹದ ಬೇರು. ಕೊಳ್ಳಲು ಹಣವಿಲ್ಲದ ದಿನವೂ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನದ ಧೈರ್ಯ ಅಲ್ಲಿಂದ ಬರುತ್ತದೆ.

ಲೆಕ್ಕ ದೊಡ್ಡದೇನಲ್ಲ. ಐದು ಜನರ ಮನೆಗೆ ದಿನಕ್ಕೆ ಒಂದು ಕಿಲೋ ರಾಗಿಯಾದರೆ ವರ್ಷಕ್ಕೆ ನಾಲ್ಕು ಕ್ವಿಂಟಲ್ ಒಳಗೇ ಆಯಿತು. ಮಳೆ ಕೈಹಿಡಿದರೆ ಒಂದು ಎಕರೆ ಸಾಕು. ಉಳಿದ ಹೊಲದಲ್ಲಿ ಹೂವೋ ತರಕಾರಿಯೋ ಬೆಳೆಯಿರಿ. ಹೊಲವಿಲ್ಲದ ವರ್ತಕ ಭಕ್ತರು ಸುಗ್ಗಿಯಲ್ಲಿಯೇ ನೆರೆಯ ರೈತರಿಂದ ನ್ಯಾಯದ ಬೆಲೆಗೆ ಕೊಂಡು, ಸರಿಯಾದ ತೂಕದಲ್ಲಿ ಮಾರಲಿ, ಅದೂ ಕಾಯಕವೇ. ಉಪ್ಪು ಕಡಲಿಂದಲೇ ಬರಬೇಕು, ಬರಲಿ. ಮುದ್ದೆ ಮಾತ್ರ ನಮ್ಮ ಮಣ್ಣಿನದಿರಲಿ.

ಮುಂದಿನ ಆಷಾಢದ ಮಳೆಗೆ ಮನೆಯ ಪಾಲಿನ ಆ ಒಂದು ಎಕರೆ ಮೊದಲು ಬಿತ್ತನೆಯಾಗಲಿ. ಸುಗ್ಗಿಯಲ್ಲಿ ಮೊದಲ ಮೊರದ ರಾಗಿ ದಾಸೋಹಕ್ಕೆ ಬರಲಿ. ಬೆಳೆದವರ ಕೈಯಿಂದಲೇ ಅದನ್ನು ಪ್ರಸಾದವಾಗಿ ಸ್ವೀಕರಿಸಲು ನಾವು ಕಾದಿರುತ್ತೇವೆ.