ನಾಲ್ಕು ಮೊದಲ ಸ್ಥಾನಗಳು

ಜೆಕ್ ಗಣರಾಜ್ಯ, ಸ್ಲೊವಾಕಿಯಾ, ಪೋಲೆಂಡ್ ಮತ್ತು ಹಂಗೇರಿ ತಮ್ಮ ತಮ್ಮ ಫಿಗರ್ ಸ್ಕೇಟಿಂಗ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳನ್ನು ಒಂದೇ ಊರಿನಲ್ಲಿ, ಒಂದೇ ಹಿಮದಂಗಣದಲ್ಲಿ ಕೂಡಿ ನಡೆಸುತ್ತವೆ. 2008-09ರ ಋತುವಿನಲ್ಲಿ ಮೊದಲ ಮೂರು ದೇಶಗಳು ಶುರುಮಾಡಿದ ಈ ಏರ್ಪಾಡಿಗೆ 2013-14ರಲ್ಲಿ ಹಂಗೇರಿಯೂ ಸೇರಿಕೊಂಡಿತು. ಆತಿಥ್ಯ ಸರದಿಯಂತೆ ಒಂದೊಂದು ದೇಶಕ್ಕೆ ಬರುತ್ತದೆ. ಸ್ಪರ್ಧಿಗಳೆಲ್ಲ ಒಟ್ಟಿಗೇ ಸ್ಪರ್ಧಿಸುತ್ತಾರೆ, ಎಲ್ಲರಿಗೂ ಒಂದೇ ಬಗೆಯ ಅಂಕ; ಕೊನೆಗೆ ಆ ಒಂದು ಪಟ್ಟಿಯನ್ನು ದೇಶವಾರು ಬಿಡಿಸಿ ಪ್ರತಿ ವಿಭಾಗಕ್ಕೂ ದೇಶಕ್ಕೊಬ್ಬ ಚಾಂಪಿಯನ್ನರನ್ನು ಘೋಷಿಸುತ್ತಾರೆ. ಹಾಗಾಗಿ ಒಟ್ಟು ಪಟ್ಟಿಯಲ್ಲಿ ಆರನೆಯವಳಾದ ಹುಡುಗಿ ತನ್ನ ದೇಶಕ್ಕೆ ಮೊದಲಿಗಳಾಗಿ ಮನೆಗೆ ಹೋಗಬಹುದು. ಆ ಮೊದಲ ಸ್ಥಾನ ನಿಜವೋ, ಬರೀ ಔಪಚಾರಿಕವೋ? ಯಾವುದೋ ಒಂದು ನೆಲೆಯಿಂದ ಮಾತ್ರ ಸಲ್ಲುವ ಮಾತು, ಎಲ್ಲ ನೆಲೆಯಿಂದಲೂ ಸಲ್ಲುವ ಮಾತಿಗಿಂತ ಕಡಿಮೆ ನಿಜವೆ? ನನ್ನ ಉತ್ತರ: ಅಲ್ಲ. ತನ್ನ ನೆಲೆ ಯಾವುದೆಂದು ಬಾಯಿಬಿಟ್ಟು ಹೇಳುವ ಸತ್ಯ ಕುಂದಿದ ಸತ್ಯವಲ್ಲ. ನೆಲೆಯನ್ನು ಬಚ್ಚಿಟ್ಟು ತಾನೇ ಸರ್ವಸ್ವವೆಂದು ಮೆರೆಯುವ ಮಾತನ್ನು ಮಾತ್ರ ಅನುಮಾನಿಸಬೇಕು.

ಈ ಪ್ರಶ್ನೆಯನ್ನು ಜೈನ ತಾರ್ಕಿಕರಷ್ಟು ಪಟ್ಟುಹಿಡಿದು ಕೆದಕಿದವರು ವಿರಳ. ಸಮಂತಭದ್ರನ 'ಆಪ್ತಮೀಮಾಂಸೆ' ಮತ್ತು ಅದಕ್ಕೆ ಅಕಲಂಕ ಬರೆದ 'ಅಷ್ಟಶತೀ' ಇಲ್ಲಿ ನೆನಪಾಗುತ್ತವೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಈ ಇಬ್ಬರನ್ನೂ ಕೊಂಡಾಡುತ್ತದೆ. ಅವರ ನಿಲುವು ಸ್ಥೂಲವಾಗಿ ಇದು: ಯಾವ ವಸ್ತುವೂ ತನ್ನ ದ್ರವ್ಯ, ತನ್ನ ಕ್ಷೇತ್ರ, ತನ್ನ ಕಾಲ, ತನ್ನ ಭಾವಗಳ ದೃಷ್ಟಿಯಿಂದ ಇದೆ, ಪರದ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇಲ್ಲ. ಮಣ್ಣಿನ ಗಡಿಗೆ ಮಣ್ಣಾಗಿ ಇದೆ, ಚಿನ್ನವಾಗಿ ಇಲ್ಲ. ಎರಡೂ ಹೇಳಿಕೆ ಸರಿ, ಎರಡಕ್ಕೂ ಜಗಳವಿಲ್ಲ, ಏಕೆಂದರೆ ಅಪೇಕ್ಷೆ, ಅಂದರೆ ನೋಡುವ ನೆಲೆ, ಬೇರೆ ಬೇರೆ. ನಮ್ಮ ಸ್ಕೇಟರ್ ಸ್ಲೊವಾಕಿಯಾದ ಕ್ಷೇತ್ರದಲ್ಲಿ ಮೊದಲಿಗಳು, ನಾಲ್ಕು ದೇಶಗಳ ಕ್ಷೇತ್ರದಲ್ಲಿ ಅಲ್ಲ. ಒಂದು ನೆಲೆಯಿಂದ ನೋಡುವುದಕ್ಕೆ ಆ ತಾರ್ಕಿಕರು ನಯವೆಂದರು. ಉಳಿದ ನೆಲೆಗಳನ್ನೆಲ್ಲ ಅಲ್ಲಗಳೆಯುವ ನಯವನ್ನು ದುರ್ನಯವೆಂದರು. ನೋಟ ಸೀಮಿತವಾಗಿರುವುದರಲ್ಲಿ ತಪ್ಪಿಲ್ಲ, ತಪ್ಪು ಸೀಮೆಯೇ ಇಲ್ಲವೆಂಬ ಹಟದಲ್ಲಿದೆ. ಬೇರೆಬೇರೆಯಾಗಿ ನಡೆಯುವ ರಾಷ್ಟ್ರೀಯ ಸ್ಪರ್ಧೆಗೆ ಈ ಹಟ ಸುಲಭವಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಗೆದ್ದವಳ ಎದುರಿಗೆ ಬೇರೆ ಕ್ಷೇತ್ರವೇ ಇರುವುದಿಲ್ಲ. ಕೂಡುಸ್ಪರ್ಧೆಯಲ್ಲಿ ನೆರೆಯವರು ಅದೇ ಹಿಮದ ಮೇಲೆ ಇದ್ದಾರೆ, ಅವರ ಅಂಕವೂ ಪಟ್ಟಿಯಲ್ಲಿದೆ.

ಹೀಗೆ ಹೇಳಿದರೆ ಯಾರು ಬೇಕಾದರೂ ಯಾವುದೋ ಒಂದು ನೆಲೆಯಿಂದ ಮೊದಲಿಗರಾಗಬಹುದಲ್ಲ ಎಂಬ ಆಕ್ಷೇಪ ಬರುತ್ತದೆ. ಇದು ಗಟ್ಟಿಯಾದ ಆಕ್ಷೇಪ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಜೈನರ ಮೇಲೆ ಹೊರಿಸಿದ್ದೂ ಹತ್ತಿರಹತ್ತಿರ ಇಂಥದೇ ದೋಷ: ಎಲ್ಲವೂ ಇರಬಹುದು, ಇಲ್ಲದಿರಬಹುದು ಎಂದಾದರೆ ನಿಶ್ಚಯವೆಂಬುದೇ ಉಳಿಯದು. ಉತ್ತರವನ್ನು ಸ್ಕೇಟಿಂಗ್‌ನ ಲೆಕ್ಕದಲ್ಲೇ ಹುಡುಕೋಣ. ಹಳೆಯ 6.0 ಪದ್ಧತಿಯಲ್ಲಿ ತೀರ್ಪುಗಾರರ ಅಂಕಕ್ಕೆ ಸ್ವತಂತ್ರ ಬೆಲೆ ಇರಲಿಲ್ಲ, ಸ್ಪರ್ಧಿಗಳನ್ನು ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಲು ಅದು ಸಾಧನವಾಗಿತ್ತು. ಪರಿಣಾಮ ವಿಚಿತ್ರ: ಆಗಲೇ ಸ್ಕೇಟ್ ಮಾಡಿ ಮುಗಿಸಿದ ಇಬ್ಬರಲ್ಲಿ ಯಾರು ಮುಂದು ಎಂಬುದನ್ನು ಆಮೇಲೆ ಬಂದ ಮೂರನೆಯವರು ತಲೆಕೆಳಗು ಮಾಡಬಹುದಿತ್ತು. ಅಂಥ ಲೆಕ್ಕದಲ್ಲಿ ನಾಲ್ಕು ದೇಶಗಳ ಪಟ್ಟಿಯಿಂದ ನೆರೆಯವರನ್ನು ತೆಗೆದುಹಾಕಿದರೆ ಉಳಿದವರ ಕ್ರಮವೇ ಬದಲಾಗುವ ಅಪಾಯವಿತ್ತು. ಅಂದರೆ ನೆಲೆ ಬದಲಾದಾಗ ಸಂಗತಿಯೂ ಬದಲಾಗುತ್ತಿತ್ತು. 2004ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಒಪ್ಪಿಕೊಂಡ ಪದ್ಧತಿ ಬೇರೆ. ಪ್ರತಿ ಜಿಗಿತಕ್ಕೂ ಪ್ರತಿ ಸುತ್ತಿಗೂ ಮೂಲಬೆಲೆಯಿದೆ. ಅದನ್ನು ಮಾಡಿದ ಚೆಲುವಿಗೆ ಈಗ -5ರಿಂದ +5ರವರೆಗೆ ಅಂಕ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಸರಾಸರಿ ತೆಗೆಯುತ್ತಾರೆ. ಬಂದ ಮೊತ್ತ ಆ ಸ್ಪರ್ಧಿಗೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಯಾರಿದ್ದರೂ ಇಲ್ಲದಿದ್ದರೂ. ಪಟ್ಟಿಯನ್ನು ಹೇಗೆ ಬಿಡಿಸಿದರೂ ಒಳಗಿನ ಕ್ರಮ ಅಲ್ಲಾಡದು. ನೆಲೆ ಬದಲಾಯಿಸಿದಾಗ ನಮ್ಮ ಪ್ರಶ್ನೆ ಬದಲಾಗುತ್ತದೆ, ಸಂಗತಿ ಅಲ್ಲ. ಹಲವು ನೆಲೆಗಳನ್ನು ಒಪ್ಪುವ ಜೈನರ ಅನೇಕಾಂತಕ್ಕೂ ಬಾಯಿಗೆ ಬಂದಂತೆ ಹೇಳುವುದಕ್ಕೂ ಇರುವ ವ್ಯತ್ಯಾಸ ಇಷ್ಟೆ, ಆದರೆ ಎಲ್ಲವೂ ಇಷ್ಟರಲ್ಲೇ ಇದೆ.

ಹೊಸ ಪದ್ಧತಿ ಹುಟ್ಟಿದ ಕಾರಣವೂ ಇಲ್ಲಿ ಸಾಕ್ಷಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ರಷ್ಯದ ಜೋಡಿಗೆ ಚಿನ್ನ ಬಂತು. ಫ್ರಾನ್ಸ್‌ನ ತೀರ್ಪುಗಾರರ ಮೇಲೆ ಒತ್ತಡವಿತ್ತೆಂಬ ಗದ್ದಲವೆದ್ದ ಮೇಲೆ ಕೆನಡಾದ ಜೋಡಿಗೂ ಚಿನ್ನ ಕೊಟ್ಟರು. ಅದು ಉದಾರತೆಯೆಂದು ಅನೇಕರು ಮೆಚ್ಚಿದರು. ನನಗೆ ಅದು ತರ್ಕದ ಸೋಲಾಗಿ ಕಾಣುತ್ತದೆ. ಅಲ್ಲಿ ಇದ್ದದ್ದು ಒಂದೇ ಕ್ಷೇತ್ರ, ಒಂದೇ ಅಪೇಕ್ಷೆ, ಒಂದೇ ಪ್ರಶ್ನೆ. ಆ ಎರಡು ಚಿನ್ನಗಳು ಸತ್ಯದ ಎರಡು ಮುಖಗಳಲ್ಲ, ಕೆಟ್ಟ ಅಳತೆಗೆ ಹಚ್ಚಿದ ತೇಪೆ. ನಾಲ್ಕು ದೇಶಗಳ ನಾಲ್ಕು ಮೊದಲ ಸ್ಥಾನಗಳಲ್ಲಿ ಇಂಥ ವಿರೋಧವೇ ಇಲ್ಲ. ಹೊಸ ಅಳತೆಯಲ್ಲೂ ಪಕ್ಷಪಾತ ನುಸುಳಬಹುದು, ಒಪ್ಪುತ್ತೇನೆ. ಆದರೆ ಅಳತೆ ತಪ್ಪಿತೆಂದು ದೂರುವುದಕ್ಕೂ ಸರಿಯಾದುದೊಂದು ಇದೆಯೆಂಬ ನಂಬಿಕೆ ಬೇಕು.

ಇದೆಲ್ಲ ಖರ್ಚು ಉಳಿಸುವ ಉಪಾಯ, ಇದರಲ್ಲಿ ದರ್ಶನವೆಲ್ಲಿಂದ ಬಂತು ಎನ್ನುವವರೂ ಉಂಟು. ಇರಲಿ. ಸ್ಕೇಟರುಗಳು ಕಡಿಮೆ, ಅಂಗಣದ ಬಾಡಿಗೆ ಹೆಚ್ಚು ಎಂಬ ಕಾರಣಕ್ಕೆ ಕೂಡಿದ್ದರೂ ಕೂಡಿದ ಮೇಲೆ ಆದದ್ದರ ಅರ್ಥ ಆ ಕಾರಣಕ್ಕೆ ಕಟ್ಟುಬಿದ್ದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ದೇಶವೆಂಬ ನೆಲೆಯೇ ಆಕಸ್ಮಿಕವಲ್ಲವೆ? ಈ ಸ್ಪರ್ಧೆ ನಡೆದಿರುವ ಊರುಗಳನ್ನೇ ನೋಡಿ. ಪೋಲೆಂಡಿನ ಚಿಯೆಶಿನ್ ಪಟ್ಟಣವನ್ನು 1920ರಲ್ಲಿ ಓಲ್ಜಾ ನದಿಯ ಗುಂಟ ಎರಡಾಗಿ ಸೀಳಿ ಆಚೆ ದಡವನ್ನು ಚೆಕೊಸ್ಲೊವಾಕಿಯಾಕ್ಕೆ ಕೊಟ್ಟರು. ಅದಕ್ಕೆ ಮೊದಲು, 1919ರ ಜನವರಿಯಲ್ಲಿ, ಆ ನೆಲಕ್ಕಾಗಿ ಎರಡು ದೇಶಗಳ ಸೈನ್ಯ ಕಾದಾಡಿದ್ದವು. ಜೆಕ್ ಕಡೆಯ ಟ್ರಿನೆಟ್ಸ್ ಪಟ್ಟಣವನ್ನು 1938ರಲ್ಲಿ ಪೋಲೆಂಡ್ ಕಸಿದುಕೊಂಡಿತು. ಸ್ಲೊವಾಕಿಯಾದ ಕೊಶಿಟ್ಸೆ ಅದೇ ವರ್ಷ ವಿಯೆನ್ನಾ ತೀರ್ಪಿನಿಂದ ಹಂಗೇರಿಯ ಪಾಲಾಯಿತು. ಜೆಕ್ ಮತ್ತು ಸ್ಲೊವಾಕ್ ಸ್ಪರ್ಧಿಗಳು 1992ರ ಕೊನೆಯವರೆಗೆ ಒಂದೇ ದೇಶದವರು. ಗಡಿಯನ್ನು ಹೀಗೆ ಎಳೆದು ಅಳಿಸಿ ಎಳೆದಿರುವಾಗ ಅದರೊಳಗಿನ ಮೊದಲ ಸ್ಥಾನಕ್ಕೆ ಏನು ಬೆಲೆ? ವ್ಯವಹಾರದ ಬೆಲೆ, ಎನ್ನುತ್ತೇನೆ. ಯೂರೋಪಿಯನ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಿಗೆ ಪ್ರವೇಶ ದೇಶದ ಲೆಕ್ಕದಲ್ಲಿ ಸಿಗುತ್ತದೆ, ಆ ಕೆಲಸಕ್ಕೆ ಈ ನೆಲೆ ಬೇಕು. ಈ ಆಟದ ನಿಯಮಗಳೂ ಅದನ್ನು ವ್ಯವಹಾರವೆಂದೇ ಬಗೆದಿವೆ: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೋಡಿಯಲ್ಲೊಬ್ಬರು ಆ ದೇಶದ ಪೌರರಾದರೆ ಸಾಕು, ಒಲಿಂಪಿಕ್ಸ್‌ಗೆ ಮಾತ್ರ ಇಬ್ಬರೂ ಆಗಿರಬೇಕು. 1919ರಲ್ಲೂ 1938ರಲ್ಲೂ ನಡೆದದ್ದು ವ್ಯವಹಾರದ ಗಡಿಯನ್ನು ಪರಮಸತ್ಯವೆಂದು ಹಿಡಿದವರ ಕೆಲಸ, ಶುದ್ಧ ದುರ್ನಯ. ಅದಕ್ಕೆ ಮದ್ದು ಗಡಿಯನ್ನು ಅಳಿಸುವುದೇ ಆಗಬೇಕಿಲ್ಲ. ನಾಲ್ಕು ಬಿರುದು ತೆಗೆದು ಒಂದೇ ಬಿರುದು ಕೊಟ್ಟರೆ, ಆ ಒಂದಕ್ಕೂ ನಾಲ್ಕು ದೇಶಗಳೆಂಬ ಹೊಸ ಗಡಿ ಇದ್ದೇ ಇರುತ್ತದೆ.

ಜೋಡಿ ಸ್ಕೇಟಿಂಗ್‌ನಲ್ಲಿ ಈ ವಾದಕ್ಕೆ ಕಠಿಣ ಪರೀಕ್ಷೆಯಿದೆ. ಸಣ್ಣ ದೇಶಗಳಲ್ಲಿ ಹಲವು ಸಲ ಒಂದೇ ಜೋಡಿ ಕಣದಲ್ಲಿರುತ್ತದೆ. ಎದುರಾಳಿಯಿಲ್ಲದ ಮೊದಲ ಸ್ಥಾನವನ್ನು ಯಾವ ನಯವೂ ಗೆಲುವಾಗಿಸಲಾರದು. ಅದು ಹಾಜರಿ ಮಾತ್ರ. ಬಿರುದನ್ನು ಒತ್ತಟ್ಟಿಗಿಟ್ಟು ಅವರ ಅಂಕವನ್ನು ನೆರೆದೇಶದ ಜೋಡಿಗಳ ಅಂಕದ ಪಕ್ಕ ಓದಬೇಕು. ಅವರು ಎಷ್ಟು ಚೆನ್ನಾಗಿ ಸ್ಕೇಟ್ ಮಾಡಿದರೆಂದು ಹೇಳುವ ಸಾಲು ಅದೊಂದೇ. ಪರದೇಶದವರು ಕಣದಲ್ಲಿ ಇಲ್ಲದೇ ಹೋಗಿದ್ದರೆ ಆ ಸಾಲೂ ಇರುತ್ತಿರಲಿಲ್ಲ.