ಹೇಳುವವರು ಮತ್ತು ಕೇಳುವವರು

ಎದುರಿಗೆ ಕೂತು ಕಥೆ ಹೇಳುವವರಾದರೆ ಮುಖ ನೋಡಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂದು ಅಂದಾಜು ಮಾಡಬಹುದು. ಕಾದಂಬರಿಯಲ್ಲಿ ಆ ಅನುಕೂಲವಿಲ್ಲ. ‘ನಾನು’ ಎಂದು ಒಬ್ಬ ಮಾತು ಶುರುಮಾಡಿದರೆ ಸಾಕು, ನಾವು ಅವನ ಕಡೆಯವರಾಗಿಬಿಡುತ್ತೇವೆ. ಅವನಿಗೆ ಆಗದವರು ನಮಗೂ ಆಗದವರು. ಆದರೆ ಅವನನ್ನು ನಂಬಬಹುದೆ? ಅವನು ಹೇಳಿದ್ದು ಸುಳ್ಳಲ್ಲದಿರಬಹುದು. ಹೇಳದೆ ಬಿಟ್ಟದ್ದರ ಗತಿಯೇನು?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಓದಿದ ಮೇಲೆ ಈ ಪ್ರಶ್ನೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ತನ್ನ ಹೆಸರನ್ನೂ ಹೇಳದ ಯುವಕನೊಬ್ಬ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುತ್ತಾನೆ. ಇರುವೆಗಳ ಕಾಟದ ಪುಟ್ಟ ಮನೆಯಲ್ಲಿದ್ದ ಸಂಸಾರ ಚಿಕ್ಕಪ್ಪನ ಮಸಾಲೆಪುಡಿ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಇವನು ಹೆಸರಿಗೆ ಕಂಪೆನಿಯ ಡೈರೆಕ್ಟರ್, ಮಾಡಲು ಕೆಲಸವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ತಾಯಿಯೂ ಅಕ್ಕನೂ ಬಾಗಿಲಿನಿಂದಲೇ ಬೈದು ಅಟ್ಟುತ್ತಾರೆ. ಇವನು ಅದನ್ನು ಸೊಗಸಾಗಿ ವರ್ಣಿಸುತ್ತಾನೆ, ತಡೆಯುವುದಿಲ್ಲ. ಹೆಂಡತಿ ಅನಿತಾ ಮಾತ್ರ ಕಂಡದ್ದನ್ನು ಕಂಡಂತೆ ಹೇಳುವವಳು. ಕಥೆ ಮುಗಿಯುವಾಗ ತವರಿಗೆ ಹೋದ ಅವಳು ಇನ್ನೂ ಮರಳಿಲ್ಲ. ಏಕೆ ಮರಳಲಿಲ್ಲವೆಂದು ಅವನು ಹೇಳುವುದಿಲ್ಲ. ನಮ್ಮ ಎದೆ ಮಾತ್ರ ಹೊಡೆದುಕೊಳ್ಳುತ್ತದೆ.

ನಾಲ್ಕು ಜನ ಹೆಂಗಸರು ಕೂತು ಈ ಪುಸ್ತಕದ ಬಗ್ಗೆ ಮಾತಾಡಿದರೆ ಎರಡು ಪಕ್ಷವಾಗುವುದು ಖಂಡಿತ. “ಪಾಪ, ಅನ್ನ ಹಾಕುವವರ ಎದುರು ಆ ಹುಡುಗ ಏನು ಹೇಳಿಯಾನು?” ಎನ್ನುವವರು ಒಂದು ಕಡೆ. “ಸುಮ್ಮನೆ ನೋಡಿದವನೂ ಪಾಲುದಾರನೇ” ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷ. ಆದರೆ ಅಲ್ಲಿಗೇ ನಿಂತರೆ ಸಾಲದು. ಇಷ್ಟು ಹೊತ್ತು ಅವನ ಹಿತವಾದ ಮಾತಿಗೆ ತಲೆದೂಗುತ್ತ ಕೂತ ನಾವು ಯಾರು? ಅನಿತಾಳ ಬಾಯಿಂದ ಈ ಕಥೆ ಕೇಳಬೇಕೆಂದು ನಮಗೆ ಎಷ್ಟನೆಯ ಪುಟದಲ್ಲಿ ಅನ್ನಿಸಿತು?

ಕಥೆಯೊಳಗೇ ಕಥೆ ಹೇಳುವುದನ್ನು ಪ್ರಶ್ನಿಸುವ ರೀತಿ ಹೊರಗಿನಿಂದ ಬಂದ ಹೊಸತು ಎಂದು ಕೆಲವರು ತಿಳಿಯುತ್ತಾರೆ. ಕನ್ನಡಕ್ಕೆ ಅದು ಹೊಸತಲ್ಲ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ಮುದ್ದಣ (1870–1901) ‘ಶ್ರೀರಾಮಾಶ್ವಮೇಧಂ’ನಲ್ಲಿ ತಾನೇ ಪಾತ್ರವಾಗಿ ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾನೆ. ಅವಳು ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತದ ದೊಡ್ಡ ದೊಡ್ಡ ಪದ ಬಂದರೆ ತಡೆದು ಹಾಸ್ಯ ಮಾಡುತ್ತಾಳೆ. ಇನ್ನೊಂದು ತಮಾಷೆಯೆಂದರೆ, ಮುದ್ದಣ ತನ್ನ ಕೃತಿಯನ್ನು ತನ್ನದೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿಗೆ ಕಳಿಸಿದ್ದ. ಹೇಳುವವನೇ ಮರೆಯಲ್ಲಿ ನಿಂತಿದ್ದ. ನೇರವಾಗಿ ಮಾತಾಡಿದವಳು ಕೇಳುವ ಹೆಣ್ಣು.

ಮನೋರಮೆಯ ಈ ಗುಣ ನಮಗೆ ಪುಸ್ತಕದ ಆಚೆಗೂ ಬೇಕು. ನಮ್ಮ ಊರುಗಳಲ್ಲಿ ಸಂಸಾರದ ಸುದ್ದಿಯೆಲ್ಲ ಕಥೆಯಾಗಿಯೇ ಬರುತ್ತದೆ. “ಅವಳಿಗೆ ಹೊಂದಿಕೊಳ್ಳುವ ಗುಣವಿರಲಿಲ್ಲ, ತಾನಾಗಿಯೇ ಹೋದಳು” ಎಂದು ಒಂದು ಮನೆಯವರು ಹೇಳುತ್ತಾರೆ. ಹೇಳುವವರು ಮರ್ಯಾದಸ್ಥರು, ಕಾಫಿ ಕೊಟ್ಟು ಉಪಚರಿಸಿದವರು. ನಾವು “ಹೌದೇ, ಪಾಪ” ಎಂದು ಲೋಟ ಕೆಳಗಿಡುತ್ತೇವೆ. ಅಲ್ಲಿಗೆ ಆ ಹುಡುಗಿಯ ತೀರ್ಪು ಆಗಿಹೋಯಿತು. ನಾಲ್ಕು ಮನೆಯಲ್ಲಿ ಹೀಗೆ ತಲೆಯಾಡಿಸಿದರೆ ಅದೇ ಊರಿನ ಸತ್ಯವಾಗುತ್ತದೆ.

ಹಾಗೆಂದು ಎಲ್ಲರನ್ನೂ ಸಂಶಯದಿಂದ ನೋಡಬೇಕೆಂದಲ್ಲ. ಸಂಶಯ ಮನುಷ್ಯನನ್ನು ದೂರ ತಳ್ಳುತ್ತದೆ. ಪ್ರಶ್ನೆ ಅವನ ಜೊತೆಗೇ ಕೂತು ಕೇಳುತ್ತದೆ. ಆ ಯುವಕನ ಮೇಲೆ ನನಗೆ ಕೋಪಕ್ಕಿಂತ ಮರುಕವೇ ಹೆಚ್ಚು. ಅವನು ನಮಗೆ ಹೇಳುತ್ತಿರುವುದಕ್ಕಿಂತ ಹೆಚ್ಚಾಗಿ ತನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದಾನೆ. ಅಷ್ಟರ ಮಟ್ಟಿಗೆ ನಾವೆಲ್ಲರೂ ಅವನಂಥವರೇ. ನಮ್ಮ ಮನೆಯ ಕಥೆಯನ್ನು ನಾವು ಹೇಳುವಾಗಲೂ ಕೆಲವು ಬಾಗಿಲು ಮುಚ್ಚಿಯೇ ಇರುತ್ತವೆ.

ಆದ್ದರಿಂದ ಇಂಥ ಕಾದಂಬರಿಗಳನ್ನು ಒಬ್ಬರೇ ಓದಿ ಮಡಚಿಡುವುದಕ್ಕಿಂತ ನಾಲ್ಕು ಜನ ಕೂಡಿ ಓದುವುದು ಒಳ್ಳೆಯದು. ಒಬ್ಬಳ ಕಣ್ಣಿಗೆ ಬೀಳದ್ದು ಇನ್ನೊಬ್ಬಳಿಗೆ ಕಾಣುತ್ತದೆ. ಹಾಗೆ ಅಭ್ಯಾಸವಾದವಳು ನಾಳೆ ಯಾರದೋ ಮನೆಯಲ್ಲಿ ಕಾಫಿ ಕುಡಿಯುತ್ತ, “ಅವಳು ಏನು ಹೇಳುತ್ತಾಳೆ?” ಎಂದು ಮೆಲ್ಲಗೆ ಕೇಳಿಯಾಳು. ಓದಿದ್ದಕ್ಕೆ ಅಷ್ಟು ಫಲ ಸಾಕು.