ಸತ್ಯಾಣುವ್ರತವೂ ಜಂಟಿ ಗೃಹಸಾಲವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯವು ಎರಡನೆಯದು. ಆ ವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೆಸರಿಸುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದು ಓದುಗರನ್ನು ತುಸು ತಡೆದು ನಿಲ್ಲಿಸುವಂಥದು. ಒಬ್ಬನು ತನ್ನ ಹಣವನ್ನು ಮತ್ತೊಬ್ಬನಲ್ಲಿ ನಂಬಿಕೆಯಿಂದ ಇಟ್ಟು ಹೋಗುತ್ತಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಮರಳಿ ಕೇಳುತ್ತಾನೆ. ಇಟ್ಟುಕೊಂಡವನು ಆ ಸಂಖ್ಯೆಗೆ ಸಮ್ಮತಿಸಿ ಅಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವುದು ಹೀಗೆಯೇ. ಇಲ್ಲಿ ಕೊಂಡವನು ಸುಳ್ಳು ಲೆಕ್ಕವನ್ನು ತಾನಾಗಿ ಹೇಳಲಿಲ್ಲ. ಎದುರಿಗಿದ್ದವನ ತಪ್ಪು ತಿಳಿವಳಿಕೆಯನ್ನು ತಿದ್ದದೆ ಬಿಟ್ಟನು, ಅಷ್ಟೆ. ಆದರೂ ಈ ದೋಷವನ್ನು ಅಚೌರ್ಯದ ಕೆಳಗಲ್ಲ, ಸತ್ಯದ ಕೆಳಗೆ ಇರಿಸಲಾಗಿದೆ.

ಇದನ್ನು ಇಂದಿನ ಗೃಹಸ್ಥಜೀವನದ ಒಂದು ಸಾಮಾನ್ಯ ಪ್ರಸಂಗದೊಡನೆ ಇಟ್ಟು ನೋಡಬಹುದು. ಬೆಂಗಳೂರಿನಲ್ಲಿ ದುಡಿಯುವ ಪತಿಪತ್ನಿಯರು 62.5 ಲಕ್ಷ ರೂಪಾಯಿಗಳ ಮನೆಯೊಂದನ್ನು ಕೊಳ್ಳಲು ಕ್ರಯದ ಕರಾರು ಮಾಡಿಕೊಂಡು ಮುಂಗಡ ಕೊಟ್ಟಿದ್ದಾರೆಂದು ಭಾವಿಸಲಾಗಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇಕಡಾ 80ನ್ನು ಮೀರುವಂತಿಲ್ಲ. ಆದಕಾರಣ 50 ಲಕ್ಷಕ್ಕೆ ಇಬ್ಬರೂ ಜಂಟಿಯಾಗಿ ಅರ್ಜಿ ಹಾಕುತ್ತಾರೆ. ಪತಿಯ ಸಂಬಳ 80,000, ಪತ್ನಿಯದು 45,000. ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು 43,400 ರೂಪಾಯಿ ಬರುತ್ತದೆ. ಸಂಬಳದ ಚೀಟಿಗಳು, ಬ್ಯಾಂಕ್ ಖಾತೆಯ ವಿವರ, ತೆರಿಗೆಯ ಕಾಗದಗಳು ಎಲ್ಲವೂ ಸಲ್ಲಿಕೆಯಾಗಿವೆ, ಒಂದೂ ಸುಳ್ಳಲ್ಲ. ಅಷ್ಟರಲ್ಲಿ ಪತಿಗೆ ಬೇರೊಂದು ಸಂಸ್ಥೆಯಿಂದ ಕರೆ ಬರುತ್ತದೆ. ಸಂಬಳ ಹೆಚ್ಚು, ಆದರೆ ಮೊದಲ ಆರು ತಿಂಗಳು ಪರೀಕ್ಷಾವಧಿ. ಅವನು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುತ್ತಾನೆ. ಬ್ಯಾಂಕಿಗೆ ತಿಳಿಸಬೇಕೆ?

ಸುತ್ತಲಿನವರ ಸಲಹೆ ಸಾಮಾನ್ಯವಾಗಿ ಒಂದೇ ಬಗೆಯದು. ಸಾಲ ಕೈಸೇರುವವರೆಗೆ ಬಾಯಿ ಮುಚ್ಚಿಕೊಂಡಿರು, ಆಮೇಲೆ ರಾಜೀನಾಮೆ ಕೊಡು. ಕೊಟ್ಟ ಕಾಗದವೆಲ್ಲ ನಿಜವೇ ಇರುವಾಗ ಭಯವೇಕೆ? ಈ ಮಾತಿನಲ್ಲಿ ತೋರಿಕೆಯ ಬಲವಿದೆ. ಆದರೆ ಸಂಬಳದ ಚೀಟಿ ಕಳೆದ ತಿಂಗಳನ್ನು ಕುರಿತ ಕಾಗದ. ಬ್ಯಾಂಕು ಕೇಳುತ್ತಿರುವುದು ಮುಂದಿನ 20 ವರ್ಷಗಳನ್ನು. ಹಿಂದಿನದನ್ನು ತೋರಿಸಿದಾಗ ಮುಂದೆಯೂ ಹೀಗೆಯೇ ಇರುತ್ತದೆಂದು ಅದು ಊಹಿಸುತ್ತದೆ, ಊಹಿಸಲಿ ಎಂದೇ ಅರ್ಜಿದಾರನೂ ತೋರಿಸುತ್ತಾನೆ. ಆ ಊಹೆ ಇನ್ನು ನಿಜವಲ್ಲವೆಂದು ತನಗೆ ಮಾತ್ರ ತಿಳಿದ ದಿನ, ಸುಮ್ಮನಿರುವವನು ನ್ಯಾಸವನ್ನು ಇಟ್ಟುಕೊಂಡವನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಎದುರಿನವನು ತಪ್ಪು ಲೆಕ್ಕ ಹೇಳುತ್ತಿದ್ದಾನೆ, ಇವನು ತಲೆಯಾಡಿಸುತ್ತಿದ್ದಾನೆ.

ಹಾಗೆಂದು ಮನಸ್ಸಿನಲ್ಲಿ ಹಾಯ್ದುಹೋಗುವ ಪ್ರತಿಯೊಂದು ಯೋಚನೆಯನ್ನೂ ಬ್ಯಾಂಕಿಗೆ ನಿವೇದಿಸಬೇಕೆಂದು ಯಾರೂ ಹೇಳಲಾರರು. ಕೆಲಸ ಬದಲಿಸುವ ಆಲೋಚನೆ ದುಡಿಯುವವರಲ್ಲಿ ಬಹುಮಂದಿಗೆ ಇದ್ದೇ ಇರುತ್ತದೆ. ಸಂದರ್ಶನಕ್ಕೆ ಹೋಗಿಬಂದದ್ದೂ ಸಂಗತಿಯಲ್ಲ, ಸಾಧ್ಯತೆ ಮಾತ್ರ. ಒಪ್ಪಿಗೆಗೆ ಸಹಿ ಬಿದ್ದ ಗಳಿಗೆಯಿಂದ ಅದು ಸಂಗತಿಯಾಗುತ್ತದೆ, ಹೇಳುವ ಹೊಣೆಯೂ ಅಲ್ಲಿಂದಲೇ ಹುಟ್ಟುತ್ತದೆ. ರಾಜೀನಾಮೆಯ ದಿನದವರೆಗೆ ಅದನ್ನು ಮುಂದೂಡುವುದು ಪಂಚಾಂಗ ನೋಡಿ ಸತ್ಯ ನುಡಿದಂತೆ.

ಈ ವಿಷಯದಲ್ಲಿ ದೇಶದ ಕಾನೂನು ಏನೆನ್ನುತ್ತದೆಂಬುದೂ ಗಮನಾರ್ಹ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಂತೆ ಬರಿಯ ಮೌನವು ವಂಚನೆಯಾಗದು. ಆದರೆ ಮಾತನಾಡುವ ಕರ್ತವ್ಯವಿದ್ದಾಗ, ಅಥವಾ ಮೌನವೇ ಮಾತಿಗೆ ಸಮನಾದಾಗ, ಅದು ವಂಚನೆಯಾಗುತ್ತದೆ. ಅಲ್ಲಿ ಕೊಟ್ಟಿರುವ ದೃಷ್ಟಾಂತ ಒಂದು ಕುದುರೆಯದು. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ವಂಚಕನಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಹೇಳುವುದು ಅವನ ಕರ್ತವ್ಯ. ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆಂದು ಕೊಳ್ಳುವವನು ಹೇಳಿದ ಮೇಲೆ ಮೌನವೇ ಉತ್ತರ. ಗೃಹಸಾಲದ ಅರ್ಜಿಯ ಕೊನೆಯ ಪುಟದಲ್ಲಿ, ವಿವರಗಳಲ್ಲಿ ಬದಲಾವಣೆಯಾದರೆ ತಿಳಿಸುವೆವೆಂಬ ಒಪ್ಪಿಗೆಯು ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದರ ಕೆಳಗೆ ಸಹಿ ಮಾಡಿದವರು ಮೂರನೆಯ ಸ್ಥಿತಿಯಲ್ಲಿರುತ್ತಾರೆ. ಹರಾಜಿನ ಮೊದಲ ವ್ಯಾಪಾರಿಯನ್ನು ಕಾನೂನು ಬಿಟ್ಟುಬಿಡುತ್ತದೆ. ಅಣುವ್ರತಿಯನ್ನು ಅವನ ವ್ರತವು ಬಿಡುವುದೆಂದು ಹೇಳಲು ಧೈರ್ಯ ಸಾಲದು.

ಇದುವರೆಗಿನದು ಬ್ಯಾಂಕಿನ ಮಾತಾಯಿತು. ಜಂಟಿ ಸಾಲದಲ್ಲಿ ಇದಕ್ಕಿಂತ ಹತ್ತಿರದ ಇನ್ನೊಬ್ಬರಿದ್ದಾರೆ, ಪ್ರಶ್ನೆಯ ತಿರುಳೂ ಅಲ್ಲಿದೆ. ಅರ್ಜಿಯ ಮೇಲೆ ಎರಡು ಸಹಿಗಳಿವೆ. ಜಂಟಿಯಾಗಿ ವಾಗ್ದಾನ ಮಾಡಿದವರಲ್ಲಿ ಯಾರೊಬ್ಬರಿಂದಲಾದರೂ ಸಾಲವನ್ನು ಪೂರ್ತಿಯಾಗಿ ವಸೂಲು ಮಾಡಬಹುದೆಂದು ಅದೇ ಅಧಿನಿಯಮದ 43ನೆಯ ಪ್ರಕರಣ ಹೇಳುತ್ತದೆ. ಹೊಸ ಕೆಲಸವು ಪರೀಕ್ಷಾವಧಿಯಲ್ಲಿಯೇ ತಪ್ಪಿತೆಂದರೆ 43,400ರ ಕಂತು 45,000 ಸಂಬಳದ ಪತ್ನಿಯ ಮೇಲೆ ಬೀಳುತ್ತದೆ. ಉಳಿದ 1,600 ರೂಪಾಯಿಯಲ್ಲಿ ಅಡುಗೆ, ಮಕ್ಕಳ ಶಾಲೆ, ಮುದುಕರ ಔಷಧ ಎಲ್ಲವೂ ನಡೆಯಬೇಕು. ಮನೆ ಅಡಮಾನದಲ್ಲಿದೆ. ಪತಿಯು ಹೊಸ ಕೆಲಸದ ಸುದ್ದಿಯನ್ನು ಅವಳಿಗೂ ಹೇಳದೆ, ಸಾಲ ಮುಗಿದ ಮೇಲೆ ಸಿಹಿಯೊಂದಿಗೆ ತಿಳಿಸೋಣವೆಂದುಕೊಂಡಿದ್ದರೆ, ಅವಳಿಗೆ ಅರಿಯದ ಅಪಾಯಕ್ಕೆ ಅವಳ ಕೈಯಿಂದಲೇ ರುಜು ಮಾಡಿಸಿದಂತಾಯಿತು.

ಜೈನಾಚಾರದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ: ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರಿಗೆ ಸಮ್ಮತಿಸುವುದು. ಪತ್ನಿಗೆ ತಿಳಿಯದಿದ್ದರೆ ಪತಿಯು ಅವಳಿಂದ ಅಸತ್ಯವನ್ನು ನುಡಿಸಿದಂತೆ. ತಿಳಿದೂ ಅವಳು ಸುಮ್ಮನಿದ್ದರೆ ಸಮ್ಮತಿಸಿದಂತೆ. ಒಂಟಿ ಅರ್ಜಿಯಲ್ಲಿ ಒಬ್ಬನ ಆತ್ಮಕ್ಕೆ ಅಂಟುತ್ತಿದ್ದ ದೋಷ ಇಲ್ಲಿ ದಾಂಪತ್ಯದ ಎರಡೂ ಕಡೆಗೆ ಹರಡುತ್ತದೆ. ಇನ್ನು ಜಾಮೀನು ನಿಂತ ಮಾವನವರಿದ್ದರೆ ಮೂರು ಕಡೆಗೆ.

ಆಕ್ಷೇಪಗಳು ಇಲ್ಲದಿಲ್ಲ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಶ್ರಾವಕನು ನುಡಿಯಬಾರದೆಂಬ ಅಭಿಪ್ರಾಯವು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿದೆಯಲ್ಲ, ಸತ್ಯ ಹೇಳಿದರೆ ಮುಂಗಡವೇ ಹೋಗುವ ವಿಪತ್ತಿದೆಯಲ್ಲ ಎಂದು ಕೇಳಬಹುದು. ಆ ವಿನಾಯಿತಿಯು ಜೀವದಯೆಯ ಕಾರಣಕ್ಕೆ ಕೊಟ್ಟದ್ದು. ನುಡಿಯುವವನು ತನ್ನ ಲಾಭವನ್ನು ಉಳಿಸಿಕೊಳ್ಳಲೆಂದು ಕೊಟ್ಟದ್ದಲ್ಲ. ಮತ್ತೊಬ್ಬರು, ಒಂದು ನಯದಿಂದ ನೋಡಿದರೆ ಇಂದು ಕೆಲಸದಲ್ಲಿದ್ದೇನೆಂಬುದೂ ಸತ್ಯವೇ ಎನ್ನಬಹುದು. ವಸ್ತುವಿನ ಎಲ್ಲ ಮುಖಗಳನ್ನು ಕಾಣಲೆಂದು ಹುಟ್ಟಿದ ಅನೇಕಾಂತವನ್ನು ಒಂದು ಮುಖವನ್ನು ಮುಚ್ಚಲು ಬಳಸುವ ಈ ಜಾಣತನಕ್ಕೆ ಉತ್ತರ ಬೇಕಿಲ್ಲ. ಮೂರನೆಯದು ಹೆಚ್ಚು ವ್ಯಾವಹಾರಿಕವಾದುದು: ಸಾಲವನ್ನು ಕುದುರಿಸಿಕೊಡುವ ಏಜೆಂಟರೇ ಹೇಳಬೇಡಿರೆನ್ನುತ್ತಾರೆ. ಆದರೆ ಹಣ ಏಜೆಂಟರದಲ್ಲ. ಸಾಲ ಕೊಡಿಸಿದ್ದಕ್ಕೆ ಅವರಿಗೆ ಕಮಿಷನ್ ಉಂಟು, ಕಂತು ನಿಂತರೆ ನಷ್ಟವಿಲ್ಲ. ಅವರು ಕೊಡುವ ಅನುಮತಿ ಮಿಥ್ಯೋಪದೇಶವೆಂಬ ಮೊದಲನೆಯ ಅತಿಚಾರದ ಸಾಲಿಗೆ ಸೇರುತ್ತದೆ. ಇನ್ನು ಹಳೆಯ ಸಂಸ್ಥೆಯಿಂದ ದಿನಾಂಕ ತಿದ್ದಿದ ಪತ್ರ ಪಡೆಯುವುದು ಮೊದಲಾದವು ನೇರವಾಗಿ ಕೂಟಲೇಖ. ಅದರ ಚರ್ಚೆಯೇ ಅನಗತ್ಯ.

ಬ್ಯಾಂಕಿನ ಹಣ ಯಾರದೂ ಅಲ್ಲವೆಂಬ ಭಾವನೆ ಈ ಮೌನದ ಹಿಂದೆ ಎಲ್ಲಿಯೋ ಅಡಗಿದೆ. ಹಿಂದೆ ಸಾಲ ಕೊಟ್ಟವನು ಅದೇ ಬೀದಿಯವನು. ಅವನ ಕಿರ್ದಿ ಖಾತೆಗಳಲ್ಲಿ ಬರೆಯದಿದ್ದುದೂ ಅವನಿಗೆ ತಿಳಿದಿರುತ್ತಿತ್ತು. ಯಾರ ಮಗ ಯಾವ ಅಂಗಡಿ ಬಿಟ್ಟನೆಂಬುದು ಸಂಜೆಯೊಳಗೆ ಬಸದಿಯ ಜಗಲಿಗೆ ಬರುತ್ತಿತ್ತು. ಅಲ್ಲಿ ಮೌನಕ್ಕೆ ಮರೆಮಾಚುವ ಶಕ್ತಿಯೇ ಇರಲಿಲ್ಲ. ಬ್ಯಾಂಕಿಗೆ ಬೀದಿಯಿಲ್ಲ. ಅರ್ಜಿದಾರನು ತೋರಿಸಿದಷ್ಟೇ ಅದರ ದೃಷ್ಟಿ. ಕಾಣದವನೊಡನೆ ವ್ಯವಹರಿಸುವಾಗ ನುಡಿಯುವವನ ಹೊಣೆ ಇಳಿಯುವುದಿಲ್ಲ, ಏರುತ್ತದೆ. ಬ್ಯಾಂಕು ಸಾಲವಾಗಿ ಕೊಡುವ ಹಣದ ಬಹುಭಾಗ ಠೇವಣಿದಾರರದು. ವಿಧವೆಯರ ಉಳಿತಾಯ, ನಿವೃತ್ತರ ಗಂಟು, ಊರಿನ ಬಸದಿಯ ಟ್ರಸ್ಟು ಪೂಜೆಗೆಂದೂ ಆಹಾರದಾನಕ್ಕೆಂದೂ ಇಟ್ಟ ಅವಧಿ ಠೇವಣಿ, ಎಲ್ಲವೂ ಅದರಲ್ಲಿ ಬೆರೆತಿವೆ. ನ್ಯಾಸವೆಂಬ ಮಾತು ಇಲ್ಲಿ ಬರಿಯ ಹೋಲಿಕೆಯಲ್ಲ.

ಸತ್ಯಕ್ಕೆ ಬೆಲೆ ತೆರಬೇಕಾಗುವುದೂ ನಿಜ. ಅದನ್ನು ಮರೆಮಾಡುವುದು ಮತ್ತೊಂದು ಅಸತ್ಯವಾದೀತು. ತಿಳಿಸಿದ ಮೇಲೆ ಕೆಲವು ಬ್ಯಾಂಕುಗಳು ಹೊಸ ನೇಮಕದ ಪತ್ರವನ್ನು ನೋಡಿ ಮುಂದುವರಿಯಬಹುದು. ಕೆಲವು ಹೊಸ ಸಂಸ್ಥೆಯ ಸಂಬಳದ ಚೀಟಿ ಬರುವವರೆಗೆ, ಇಲ್ಲವೆ ಪರೀಕ್ಷಾವಧಿ ಮುಗಿಯುವವರೆಗೆ ಕಾಯಿಸಬಹುದು, ಮೊತ್ತವನ್ನು ಇಳಿಸಲೂಬಹುದು. ಅಷ್ಟರೊಳಗೆ ಕರಾರಿನ ಗಡುವು ಮೀರಿದರೆ ಮಾರುವವನು ಮುಂಗಡವನ್ನು ಹಿಡಿದುಕೊಳ್ಳಬಹುದು. ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಮರಳಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಮೊದಲೇ ಸೇರಿಸುವ ವಿವೇಕ ಬಹಳ ಮಂದಿಗೆ ಇರುವುದಿಲ್ಲ. ಆ ಒಂದು ಸಾಲಿನ ಕೊರತೆಯೇ ಮುಂದೆ ಒಳ್ಳೆಯವರನ್ನೂ ಮೌನದ ಕಡೆಗೆ ತಳ್ಳುತ್ತದೆ. ಹಿರಿಯರು ಮಕ್ಕಳಿಗೆ ಮನೆ ಕೊಳ್ಳುವ ಸಲಹೆ ಕೊಡುವಾಗ ದಿಕ್ಕು ವಾಸ್ತುಗಳ ಜೊತೆಗೆ ಇದನ್ನೂ ಹೇಳಿದರೆ ಉಪಕಾರವಾದೀತು. ಪರಿಗ್ರಹಪರಿಮಾಣದ ಮಾತೂ ಇಲ್ಲಿದೆ: ಇಬ್ಬರ ಸಂಬಳವೂ ಒಂದು ತಿಂಗಳೂ ತಪ್ಪದೆ ಬಂದರೆ ಮಾತ್ರ ನಿಲ್ಲುವ ಮನೆ, ಮೊದಲಿನಿಂದಲೇ ಅಳತೆ ಮೀರಿದ ಮನೆ.

ತಿಳಿಸುವುದಕ್ಕೆ ದೊಡ್ಡ ಬರವಣಿಗೆಯೇನೂ ಬೇಡ. ಈಗಿನ ಕೆಲಸ ಬಿಡುವ ದಿನಾಂಕ, ಹೊಸದಕ್ಕೆ ಸೇರುವ ದಿನಾಂಕ, ಹೊಸ ಸಂಬಳ, ಪರೀಕ್ಷಾವಧಿಯ ಉದ್ದ: ನಾಲ್ಕು ಸಾಲಿನ ಕಾಗದ ಸಾಕು. ಶಾಖೆಯಲ್ಲಿ ಕೊಟ್ಟು, ಮುದ್ರೆ ಹಾಕಿದ ಪ್ರತಿಯೊಂದನ್ನು ಪಡೆದು ಕಡತದಲ್ಲಿ ಇಟ್ಟುಕೊಳ್ಳಬೇಕು. ಅದನ್ನು ಬ್ಯಾಂಕಿಗೆ ಒಯ್ಯುವ ಮೊದಲು ಮನೆಯಲ್ಲಿ ಊಟವಾದ ಮೇಲೆ ಪತ್ನಿಯ ಮುಂದೆ ಓದಿ, 43,400ರ ಲೆಕ್ಕವನ್ನು ಇಬ್ಬರೂ ಕೂಡಿ ಮತ್ತೊಮ್ಮೆ ಮಾಡಿ ನೋಡಬೇಕು. ಅರ್ಜಿಯಂತೆಯೇ ಆ ಕಾಗದದ ಕೆಳಗೂ ಎರಡು ಸಹಿಗಳಿರಬೇಕು.